ಉಸಿರಿನ ಮೇಲೆ ನಿಂತ ಚಾವಣಿ

ನಾನು ಒಂದು ಚಾವಣಿ. ಹಾಗೆ ಹೇಳಿಕೊಳ್ಳಲು ಈಗ ತುಸು ನಾಚಿಕೆ, ಏಕೆಂದರೆ ಈಗ ನನ್ನ ಅಳತೆ ಒಂದು ಜಮಖಾನೆಯಷ್ಟು. ಆದರೆ ಒಂದು ಕಾಲದಲ್ಲಿ ಎಂಟು ಸಾವಿರ ಜನ ಒಟ್ಟಿಗೆ ತಲೆಯೆತ್ತಿ ನನ್ನನ್ನು ನೋಡಿದ್ದುಂಟು. ಜಪಾನಿನ ಉತ್ತರದಲ್ಲಿ ಯುಕಿನೊಸಾವಾ ಎಂಬ ಹಿಮದ ಊರು. ಅಲ್ಲಿಯ ಕ್ರೀಡಾಂಗಣದ ಮೇಲೆ ಇಪ್ಪತ್ತಾರು ವರ್ಷ ನಿಂತಿದ್ದೆ. ನಿಂತಿದ್ದೆ ಎನ್ನಬೇಕೋ ತೇಲುತ್ತಿದ್ದೆ ಎನ್ನಬೇಕೋ, ಕಥೆ ಮುಗಿದ ಮೇಲೆ ನೀವೇ ಹೇಳಿ.

ನನ್ನ ಬಾಳಿನಲ್ಲಿ ನಾನು ಬೆಚ್ಚಿಬಿದ್ದ ಗಳಿಗೆಗಳೇ ಹೆಚ್ಚು. ಮೊದಲನೆಯದು ಹುಟ್ಟಿದಾಗಲೇ. ನಾನು ಮೂಲತಃ ಮರಳು. ಮರಳನ್ನು ಕರಗಿಸಿ ಗಾಜು ಮಾಡಿದರು. ಗಾಜನ್ನು ಎಳೆದೆಳೆದು ಕೂದಲಿಗಿಂತ ತೆಳ್ಳನೆಯ ನೂಲು ಮಾಡಿದರು. ನೂಲನ್ನು ಮಗ್ಗಕ್ಕೆ ಕೊಟ್ಟರು. ಗಾಜು ಬಟ್ಟೆಯಾಗುವುದನ್ನು ಕಂಡು ನನಗೇ ನಂಬಿಕೆ ಬರಲಿಲ್ಲ. ಆಮೇಲೆ ಬಿಳಿಯ ಲೇಪದಲ್ಲಿ ಅದ್ದಿ, ಬೆಂಕಿಯಂಥ ಕೋಣೆಯೊಳಗೆ ಹಾಯಿಸಿದರು. ನಿಮ್ಮ ಮನೆಯಲ್ಲಿ ದೋಸೆ ಅಂಟದ ಹೆಂಚು ಇರುತ್ತದಲ್ಲ, ಅದಕ್ಕೆ ಹಚ್ಚುವ ಜಾತಿಯದೇ ಲೇಪ ಅದು. ದೋಸೆ ಅಂಟದ ಹಾಗೆ ನನ್ನ ಮೇಲೆ ಹಿಮ ಅಂಟಬಾರದು ಎಂಬ ಲೆಕ್ಕ.

ಕಾರ್ಖಾನೆಯಲ್ಲಿ ನನ್ನ ಪಟ್ಟಿಗಳನ್ನು ಕಾದ ಕಬ್ಬಿಣದಿಂದ ಒತ್ತಿ ಬೆಸೆಯುತ್ತಿದ್ದ ಹೆಂಗಸರ ಮಾತು ಕೇಳಿ ನಾನು ಗುಡಾರವಾಗುತ್ತೇನೆ, ಹೆಚ್ಚೆಂದರೆ ಸರ್ಕಸ್ಸಿನ ಡೇರೆಯಾಗುತ್ತೇನೆ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಅವರಲ್ಲೊಬ್ಬಳು ಕೈಗವಸು ಕಳಚುತ್ತ, ಇದರ ಕೆಳಗೆ ಒಂದು ಕಂಬವೂ ಇರುವುದಿಲ್ಲವಂತೆ ಎಂದಳು. ಪಕ್ಕದವಳು, ಹಾಗಾದರೆ ನಾನಂತೂ ಅಲ್ಲಿಗೆ ಕಾಲಿಡುವುದಿಲ್ಲ ಎಂದಳು. ಅವರು ನಕ್ಕರು. ಸುರುಳಿಯೊಳಗಿದ್ದ ನನಗೆ ನಗು ಬರಲಿಲ್ಲ.

ಅವಳು ಹೇಳಿದ್ದು ನಿಜವಾಗಿತ್ತು. ಯುಕಿನೊಸಾವಾದಲ್ಲಿ ಕಾಂಕ್ರೀಟಿನ ದೊಡ್ಡ ಬಳೆಯೊಂದನ್ನು ಕಟ್ಟಿ, ಅದರ ಅಂಚಿನಿಂದ ಅಂಚಿಗೆ ಉಕ್ಕಿನ ಹಗ್ಗಗಳನ್ನು ಅಡ್ಡಡ್ಡ ಎಳೆದು, ನನ್ನನ್ನು ಎರಡು ಪದರವಾಗಿ ಅವಕ್ಕೆ ಬಿಗಿದಿದ್ದರು. ಒದ್ದೆ ಬಟ್ಟೆಯಂತೆ ಹೊಟ್ಟೆ ಜೋತು ಬಿದ್ದಿದ್ದೆ. ಆಮೇಲೆ ಕೆಳಗೆಲ್ಲೋ ಫ್ಯಾನುಗಳು ಗುಂಯ್ ಎಂದವು. ಬಾಣಲೆಯ ಎಣ್ಣೆಯಲ್ಲಿ ಪೂರಿ ಉಬ್ಬುವುದನ್ನು ನೋಡಿದ್ದೀರಲ್ಲ? ಮೊದಲು ಒಂದು ಮೂಲೆ, ಆಮೇಲೆ ಇನ್ನೊಂದು, ಆಮೇಲೆ ಇಡೀ ಪೂರಿ. ಆರು ಗಂಟೆಯಲ್ಲಿ ನಾನು ಹಾಗೇ ಮೇಲೆದ್ದೆ. ಕೆಳಗೆ ನೋಡಿದೆ. ಗೋಡೆಯಿಲ್ಲ, ತೊಲೆಯಿಲ್ಲ, ಕಂಬವಿಲ್ಲ. ನನ್ನನ್ನು ಹೊತ್ತಿದ್ದುದು ಬರೀ ಗಾಳಿ. ಹೊರಗಿನ ಗಾಳಿಗಿಂತ ಕೂದಲೆಳೆಯಷ್ಟು ಬಿಗಿಯಾದ ಒಳಗಿನ ಗಾಳಿ. ನನಗೆ ತಲೆ ತಿರುಗಿತು. ಎತ್ತರಕ್ಕಲ್ಲ, ಆಧಾರವಿಲ್ಲದ್ದಕ್ಕೆ.

ನನ್ನಷ್ಟೇ ಗಾಬರಿಯಾದವರು ಅಂದು ಇನ್ನೊಬ್ಬರಿದ್ದರು. ಕುಮಗಾಯ್ ತೊಕುಜಿ, ಆ ಊರಿನ ಹಿರಿಯ ಬಡಗಿ. ಮೊಳೆ ಹೊಡೆಯದೆ ಮರಕ್ಕೆ ಮರ ಹೆಣೆದು ದೇವಾಲಯಗಳ ಚಾವಣಿ ಎತ್ತಿದ ಕೈ ಅವರದು. ಅರವತ್ತೆರಡರ ವಯಸ್ಸಿನಲ್ಲಿ ಮೈದಾನದ ನಡುವೆ ಕೈ ಕಟ್ಟಿ ನಿಂತು, ಬಹಳ ಹೊತ್ತು ನನ್ನನ್ನೇ ನೋಡಿದರು.

"ಕಂಬ ಎಲ್ಲಿ?" ಎಂದು ಎಂಜಿನಿಯರನ್ನು ಕೇಳಿದರು.

"ಗಾಳಿನೇ ಕಂಬ, ಕುಮಗಾಯ್-ಸಾನ್."

"ಬಾಗಿಲು ತೆಗೆದ್ರೆ?"

ಎಂಜಿನಿಯರ್ ವಿವರಿಸಿದ. ಜನರಿಗೆ ಗಾಳಿ ಸೋರದ ಸುತ್ತುವ ಬಾಗಿಲುಗಳಿವೆ. ವಾಹನಗಳಿಗೆ ಒಂದು ಕೋಣೆ, ಅದಕ್ಕೆ ಒಳಗೊಂದು ಬಾಗಿಲು, ಹೊರಗೊಂದು ಬಾಗಿಲು. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಎರಡೂ ಒಟ್ಟಿಗೆ ತೆರೆದರೆ ಚಾವಣಿ ಇಳಿದುಬಿಡುತ್ತದೆ.

ತೊಕುಜಿ ಎಲ್ಲವನ್ನೂ ಕೇಳಿಸಿಕೊಂಡರು. "ಬಾಗಿಲು ತೆಗೆದ್ರೆ ಬೀಳೋದನ್ನ ನಮ್ಮ ಕಸುಬಿನಲ್ಲಿ ಮನೆ ಅನ್ನಲ್ಲಪ್ಪ. ಬಲೂನು ಅಂತೀವಿ."

ಊರೆಲ್ಲ ಆ ಮಾತನ್ನು ಹೇಳಿಕೊಂಡು ನಕ್ಕಿತು. ನನಗೆ ಅವಮಾನವಾಯಿತು ನಿಜ, ಆದರೆ ಮುದುಕರು ನನ್ನ ಮನಸ್ಸಿನಲ್ಲಿದ್ದುದನ್ನೇ ಆಡಿದ್ದರು.

ಆ ಮಾತಿನ ಹಿಂದೆ ಇನ್ನೊಂದು ನೋವಿತ್ತು. ತೊಕುಜಿಗೆ ಒಬ್ಬಳೇ ಮಗಳು, ಮಿಸಾವೊ. ಎಂಟು ವರ್ಷದವಳಿದ್ದಾಗಲೇ ಕೈಗೆ ತೋಪಡ ಕೊಟ್ಟು ಮರದ ಮೈ ಹೆರೆದು ನುಣುಪು ಮಾಡುವುದನ್ನು ಕಲಿಸಿದ್ದರು. ತಮ್ಮ ಉಳಿಗಳೆಲ್ಲ ಅವಳ ಕೈಗೇ ಎಂದು ನಂಬಿದ್ದರು. ಅವಳೋ ಯಂತ್ರಗಳ ಕೆಲಸ ಕಲಿತು ನನ್ನ ಫ್ಯಾನ್ ಕೋಣೆಗೆ ಮೇಲ್ವಿಚಾರಕಿಯಾಗಿ ಬಂದುಬಿಟ್ಟಳು. ಮೂರು ವಾರ ತಂದೆ ಮಗಳೊಂದಿಗೆ ಮಾತಾಡಲಿಲ್ಲವಂತೆ. ನಾಲ್ಕನೆಯ ವಾರ ತಾವೇ ಬಂದು ವಾಹನದ ಬಾಗಿಲಿನ ಕಾವಲು ಕೆಲಸ ಕೇಳಿದರು. ಬಲೂನಿನ ಮೇಲೆ ಒಂದು ಕಣ್ಣಿರಲಿ ಅಂತ, ಎಂದರು. ಕಣ್ಣಿದ್ದುದು ಬಲೂನಿನ ಮೇಲೋ ಮಗಳ ಮೇಲೋ, ಎಲ್ಲರಿಗೂ ಗೊತ್ತಿತ್ತು.

ಕೆಲಸದಲ್ಲಿ ಅವರಿಬ್ಬರ ನಡವಳಿಕೆ ನೋಡಬೇಕಿತ್ತು. ಮಗಳು ತಂದೆಯನ್ನು ಹೊರಗಿನವರಂತೆ ಕುಮಗಾಯ್-ಸಾನ್, ಅಂದರೆ ಕುಮಗಾಯ್ ಅವರೇ, ಎಂದು ಕರೆಯುತ್ತಿದ್ದಳು, ಅದು ಅವಳದೇ ಮನೆತನದ ಹೆಸರು! ತಂದೆ ಟೋಪಿ ತೆಗೆದು ತಲೆಬಾಗಿ, ಮೇಲ್ವಿಚಾರಕರೇ ಎನ್ನುತ್ತಿದ್ದರು. ಬೆಳಿಗ್ಗೆ ಒಂದೇ ಪಾತ್ರೆಯ ಸಾರು ಕುಡಿದು ಬಂದವರು ಹೀಗೆ ಪರಸ್ಪರ ಅಪರಿಚಿತರಾಗುತ್ತಿದ್ದರು. ಆದರೂ ದಿನಕ್ಕೊಮ್ಮೆ ಮುದುಕರು ಫ್ಯಾನ್ ಕೋಣೆಯ ಕಿಟಕಿಗೆ ಬಂದು ಕೆಣಕುವುದು ಮಾತ್ರ ತಪ್ಪುತ್ತಿರಲಿಲ್ಲ.

"ಮೇಲ್ವಿಚಾರಕರೇ, ನಿಮ್ಮ ಬಲೂನಿಗೆ ಇವತ್ತು ಹಸಿವು ಎಷ್ಟು?"

ಅವಳು ಒತ್ತಡ ತೋರಿಸುವ ಮುಳ್ಳನ್ನು ನೋಡಿ, ತಲೆಯೆತ್ತದೆ, "ಮೂವತ್ತು, ಕುಮಗಾಯ್-ಸಾನ್" ಎನ್ನುತ್ತಿದ್ದಳು. ಹಿಮ ಬಿದ್ದ ದಿನ ಐವತ್ತು ಎನ್ನುತ್ತಿದ್ದಳು, ಏಕೆಂದರೆ ಹಿಮದ ಭಾರ ಹೊರಲು ನನಗೆ ಹೆಚ್ಚು ಗಾಳಿ ಬೇಕು. ಅಂಥ ದಿನ ನನ್ನ ಎರಡು ಪದರಗಳ ನಡುವೆ ಬಿಸಿಗಾಳಿ ಬಿಡುತ್ತಿದ್ದಳು. ಹಿಮ ಕರಗಿ ಬೆನ್ನಿನ ಮೇಲಿಂದ ಜಾರುತ್ತಿತ್ತು. ಹೊರಗೆ ಆಳೆತ್ತರ ಹಿಮ, ಒಳಗೆ ಮಕ್ಕಳು ಅಂಗಿಯ ತೋಳು ಮಡಚಿ ಚೆಂಡಾಡುವರು. ಅದನ್ನು ನೋಡುತ್ತ ನೋಡುತ್ತ, ಬೀಳುತ್ತೇನೆಂಬ ಭಯ ನನಗೇ ಮರೆತುಹೋಗತೊಡಗಿತು. ಭಯ ಮರೆತಾಗಲೇ ಅಲ್ಲವೇ ಏಟು ಬೀಳುವುದು.

ಒಂಬತ್ತನೆಯ ಚಳಿಗಾಲ. ದೂರದ ದಕ್ಷಿಣದ ಕಾಗೊಶಿಮಾ ಕಡೆಯಿಂದ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ತಂಡವೊಂದು ಸ್ನೇಹದ ಪಂದ್ಯಕ್ಕೆ ಬಂದಿತ್ತು. ಹದಿನೆಂಟು ಹುಡುಗಿಯರು. ಹಿಮವನ್ನು ಹೀಗೆ ರಾಶಿರಾಶಿಯಾಗಿ ಕಂಡವರಲ್ಲ. ಅವರ ನಾಯಕಿ ನಗಿಸಾ, ಆಟ ಬಿಟ್ಟು ಬಾಯಿ ತೆರೆದುಕೊಂಡು ನನ್ನನ್ನು ನೋಡುತ್ತ ನಿಂತು, ಎರಡು ಚೆಂಡು ಕೈಬಿಟ್ಟಳು. ಪಂದ್ಯ ಮುಗಿದಾಗ ಮಧ್ಯಾಹ್ನ ಮೂರು ಗಂಟೆ. ಹೊರಗೆ ಒದ್ದೆ ಹಿಮ ಸುರಿಯುತ್ತಿತ್ತು, ಭಾರವಾದ ಹಿಮ. ಮುಳ್ಳು ಐವತ್ತರಲ್ಲಿತ್ತು.

ಅತಿಥಿಗಳು ಮಂಜುಗಡ್ಡೆಯ ಮೇಲೆ ಜಾರದಿರಲೆಂದು ಬಸ್ಸನ್ನು ಒಳಗೇ ನಿಲ್ಲಿಸಿದ್ದರು. ಈಗ ಬಸ್ಸು ಹೊರಡಬೇಕು. ಊರಿನ ತಂಡದ ಹುಡುಗಿಯರು ಬೀಳ್ಕೊಡಲು ಒಳಬಾಗಿಲಿನ ಮುಂದೆ ಸಾಲಾಗಿ ನಿಂತರು. ಬಸ್ಸು ಎರಡು ಬಾಗಿಲುಗಳ ನಡುವಿನ ಕೋಣೆಗೆ ಬಂತು. ಈಗ ತೊಕುಜಿ ಒಳಬಾಗಿಲು ಮುಚ್ಚಬೇಕು, ಆಮೇಲೆ ಹೊರಬಾಗಿಲು ತೆರೆಯಬೇಕು. ಒಂಬತ್ತು ವರ್ಷ ಹಾಗೇ ಮಾಡಿದ್ದರು. ಆದರೆ ಅವು ಸಾಮಾನಿನ ಲಾರಿಗಳು. ಇದು ಅತಿಥಿಗಳ ಬಸ್ಸು.

ಅಲ್ಲಿಯ ಪದ್ಧತಿ ಹೀಗೆ: ಅತಿಥಿ ಹೊರಟರೆ, ಕಣ್ಣಿಗೆ ಮರೆಯಾಗುವವರೆಗೂ ಮನೆಯವರು ನಿಂತು ತಲೆಬಾಗಬೇಕು. ನೀವು ಕೂಡ ನೆಂಟರು ಹೊಸಿಲು ದಾಟಿದೊಡನೆ ಧಡಾರನೆ ಬಾಗಿಲು ಹಾಕಿಕೊಳ್ಳುವುದಿಲ್ಲವಲ್ಲ. ಸಾಲಾಗಿ ನಿಂತ ಮಕ್ಕಳ ಮುಖಕ್ಕೆ, ಹೊರಟ ಅತಿಥಿಗಳ ಬೆನ್ನಿಗೆ ಉಕ್ಕಿನ ಬಾಗಿಲು ಮುಚ್ಚಲು ಮುದುಕರಿಗೆ ಮನಸ್ಸಾಗಲಿಲ್ಲ. ಜೇಬಿನಿಂದ ತಾವೇ ಕೆತ್ತಿದ ದೇವದಾರಿನ ಬೆಣೆಯೊಂದನ್ನು ತೆಗೆದು ಒಳಬಾಗಿಲಿನ ಅಡಿಗೆ ಇಟ್ಟರು. ಹೊರಬಾಗಿಲನ್ನೂ ತೆರೆದರು. ಎಚ್ಚರಿಕೆಯ ಗಂಟೆ ಹೊಡೆದುಕೊಂಡಿತು. ಒಂದು ನಿಮಿಷದ ಮಾತು, ಹೊಡೆದುಕೊಳ್ಳಲಿ ಎಂದುಕೊಂಡರು.

ಒಂದು ನಿಮಿಷದ ಮಾತೇ ಆಗಿತ್ತು. ಬಸ್ಸು ಹೊರಗೆ ಹೋಗಿ, ಇಳಿಜಾರಿನ ತಿರುವಿನಲ್ಲಿ ಹಿಮಕ್ಕೆ ಸಿಕ್ಕಿಕೊಂಡಿತು. ಚಕ್ರ ಗರಗರ ತಿರುಗಿತು, ಬಸ್ಸು ಮಾತ್ರ ಅಲ್ಲೇ. ಕಣ್ಣಿಗೆ ಮರೆಯಾಗಲಿಲ್ಲ. ಮರೆಯಾಗದ ಮೇಲೆ ತಲೆಬಾಗುವುದನ್ನು ನಿಲ್ಲಿಸುವುದು ಹೇಗೆ? ತೊಕುಜಿ ಹೊರಗೆ ಹಿಮದಲ್ಲಿ ನಿಂತು ಬಾಗಿದರು. ಊರಿನ ಹುಡುಗಿಯರು ಅವರ ಹಿಂದೆಯೇ ಹೊರಬಂದು ಬಾಗಿದರು. ಬಸ್ಸಿನೊಳಗಿನವರು ಕಿಟಕಿಯಿಂದ ಬಾಗಿದರು. ಇವರು ಬಾಗಿದ್ದಾರೆಂದು ಅವರು, ಅವರು ಬಾಗಿದ್ದಾರೆಂದು ಇವರು. ಹಿಂದಿನಿಂದ ಗಾಳಿ ನುಗ್ಗಿ ಬಂದು ಟೋಪಿಗಳನ್ನು ಹಾರಿಸಿತು. ಬಿರುಗಾಳಿ ಎದ್ದಿತೆಂದುಕೊಂಡರು. ಅದು ನನ್ನ ಉಸಿರು.

ಒಳಗೆ ಮೂವತ್ತು ಮಂದಿ ಉಳಿದಿದ್ದರು. ಆಟ ಮುಗಿದ ಮೇಲೆ ಕೂತ ಜಾಗವನ್ನು ತಾವೇ ಗುಡಿಸಿ ಹೋಗುವುದು ಅಲ್ಲಿಯವರ ರೂಢಿ. ಬೆಂಚುಗಳ ಸಂದಿನಲ್ಲಿ ಬಗ್ಗಿ ಕಾಗದ, ಸಿಪ್ಪೆ ಹೆಕ್ಕುತ್ತಿದ್ದರು. ಹೊರಗಿನವರು ಅತಿಥಿಗೆ ಬಾಗಿದ್ದರು, ಒಳಗಿನವರು ಕಸಕ್ಕೆ ಬಾಗಿದ್ದರು. ಆ ಹೊತ್ತು ತಲೆಯೆತ್ತಿ ನನ್ನನ್ನು ನೋಡಲು ಒಬ್ಬರೂ ಇರಲಿಲ್ಲ. ನಾನು ಇಳಿಯುತ್ತಿದ್ದೆ.

ಆ ಭಯವನ್ನು ಹೇಗೆ ಹೇಳಲಿ? ಹೊಕ್ಕುಳಲ್ಲಿ ಒಂದು ಗುಳಿ ಬಿತ್ತು. ಸುತ್ತಲಿನ ಹಿಮವೆಲ್ಲ ಆ ಗುಳಿಗೆ ಜಾರಿತು. ಕರಗಿದ ನೀರೂ ಅಲ್ಲೇ ಸೇರಿತು. ಭಾರ ಹೆಚ್ಚಿದಷ್ಟೂ ಗುಳಿ, ಗುಳಿ ಹೆಚ್ಚಿದಷ್ಟೂ ಭಾರ. ಒಂಬತ್ತು ವರ್ಷ ಕೆಳಗೆ ಚುಕ್ಕೆಗಳಂತೆ ಕಂಡ ತಲೆಗಳು ಹತ್ತಿರ ಬರತೊಡಗಿದವು. ಒಬ್ಬ ಅಜ್ಜಿಯ ಬೈತಲೆಯ ನೇರ ಗೆರೆಯೂ ಕಂಡಿತು. ಕೂಗಲು ನನಗೆ ಬಾಯಿಲ್ಲ.

ಫ್ಯಾನ್ ಕೋಣೆಯಲ್ಲಿ ಮಿಸಾವೊ ಮುಳ್ಳನ್ನು ನೋಡಿದಳು. ನಲವತ್ತು. ಬಾಗಿಲಿನ ಕೆಂಪು ದೀಪ ಉರಿಯುತ್ತಿತ್ತು. ಕಾವಲು ಕೋಣೆಗೆ ಫೋನ್ ಮಾಡಿದಳು, ಬಡಿದುಕೊಳ್ಳುತ್ತಲೇ ಇತ್ತು. ಇದ್ದಬದ್ದ ಫ್ಯಾನುಗಳನ್ನೆಲ್ಲ ಹಾಕಿದಳು. ಮೂವತ್ತು. ಇಪ್ಪತ್ತೆರಡು. ಅವಳು ಅಲ್ಲಿಂದ ಕದಲುವಂತಿಲ್ಲ, ಕದಲಿದರೆ ನಾನು ಪೂರ್ತಿ ಹೋದೆ. ಮೈಕು ತೆಗೆದುಕೊಂಡಳು. ಎಲ್ಲರೂ ದಯವಿಟ್ಟು ಮೆಟ್ಟಿಲ ಕೆಳಗಿನ ಸುತ್ತುವ ಬಾಗಿಲುಗಳಿಂದ ಹೊರಡಬೇಕು, ಎಂದು ನಿಯಮದ ಪುಸ್ತಕದಲ್ಲಿದ್ದ ಹಾಗೇ ಹೇಳಿದಳು. ಆಮೇಲೆ, ಒಂಬತ್ತು ವರ್ಷದಲ್ಲಿ ಕೆಲಸದ ಜಾಗದಲ್ಲಿ ಒಮ್ಮೆಯೂ ಆಡದ ಮಾತೊಂದು ಇಡೀ ಕ್ರೀಡಾಂಗಣದ ಒಳಗೂ ಹೊರಗೂ ಕೇಳಿಸಿತು.

"ಅಪ್ಪಾ. ಬಾಗಿಲು."

ತೊಕುಜಿ ತಲೆಯೆತ್ತಿದರು. ಹಿಂತಿರುಗಿ ನೋಡಿದರು. ಬೆಟ್ಟದಂತಿದ್ದ ನಾನು ಬಟ್ಟಲಾಗಿದ್ದೆ.

ಓಡಿ ಹೋಗಿ ಹೊರಬಾಗಿಲನ್ನು ಹಿಡಿದರು. ಎಪ್ಪತ್ತೊಂದರ ಮೈ. ಒಳಗಿನಿಂದ ನುಗ್ಗುವ ಗಾಳಿಯ ಎದುರು ಬಾಗಿಲು ಒಂದಂಗುಲವೂ ಅಲುಗಲಿಲ್ಲ. ಊರಿನ ಹುಡುಗಿಯರು ಕೈಹಾಕಿದರು, ಸಾಲಲಿಲ್ಲ. ಇಷ್ಟರಲ್ಲಿ ಬಸ್ಸಿನ ಬಾಗಿಲು ತೆರೆಯಿತು. ನಗಿಸಾ ಇಳಿದಳು. ಅವಳ ಹಿಂದೆ ಹದಿನೇಳು ಮಂದಿ. ಹಿಮದಲ್ಲಿ ಓಡುವುದು ಗೊತ್ತಿಲ್ಲದ ಮಕ್ಕಳು, ಬೀಳುತ್ತ ಏಳುತ್ತ ಬಂದು ಆ ಬಾಗಿಲಿಗೆ ಭುಜ ಕೊಟ್ಟರು. ಬೀಳ್ಕೊಂಡ ಅತಿಥಿಗಳೇ ಬಂದು ಮನೆಯವರ ಬಾಗಿಲು ಮುಚ್ಚಿದರು!

ಒಳಗೆ ಇಪ್ಪತ್ತೊಂಬತ್ತು ಮಂದಿ ಹೊರಗೋಡಿದ್ದರು. ಆ ಬೈತಲೆಯ ಅಜ್ಜಿ ಮಾತ್ರ ಕಸದ ಚೀಲವನ್ನು ಎಳೆಯುತ್ತ ನಿಧಾನ ಬರುತ್ತಿದ್ದಳು. ಚೀಲ ಬಿಟ್ಟು ಬನ್ನಿ ಅಜ್ಜೀ ಎಂದು ಮಿಸಾವೊ ಮೈಕಿನಲ್ಲಿ ಬೇಡಿಕೊಂಡಳು. ಕಟ್ಟದ ಚೀಲವನ್ನು ಬಿಟ್ಟುಹೋಗಲು ಅಜ್ಜಿ ಒಪ್ಪಲಿಲ್ಲ. ನಿಂತು, ಬಾಯಿಗೆ ಗಂಟು ಹಾಕಿ, ಎತ್ತಿಕೊಂಡು ಹೊರನಡೆದಳು. ಅವಳು ಬಾಗಿಲಲ್ಲಿ ಸುತ್ತಿ ಮರೆಯಾದದ್ದೇ ತಡ, ನನ್ನ ಬೆಸುಗೆಯೊಂದು ತೋಳುದ್ದ ಬಿಟ್ಟುಕೊಂಡಿತು. ಕೆರೆಯಷ್ಟು ನೀರು ಧೋ ಎಂದು ಮೈದಾನದ ನಡುವೆ ಸುರಿಯಿತು.

ಯಾರಿಗೂ ಏನೂ ಆಗಲಿಲ್ಲ. ತೊಕುಜಿಯ ಎಡಭುಜದ ಕೀಲು ತಪ್ಪಿತು, ಅಷ್ಟೆ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮಿಸಾವೊ ನನ್ನನ್ನು ಮತ್ತೆ ಎಬ್ಬಿಸಿದ್ದಳು. ಹರಿದಲ್ಲಿ ತೇಪೆ ಹಾಕಿದರು.

ವಾರದ ಮೇಲೆ ಊರಿನ ಹಿರಿಯರ ಸಭೆ ನನ್ನ ಅಡಿಯಲ್ಲೇ, ಮೆಟ್ಟಿಲುಗಳ ಮೇಲೆ ಸೇರಿತು. ಸಮಿತಿಯ ಅಧ್ಯಕ್ಷರು ಒಳ್ಳೆಯ ಮನುಷ್ಯ. ಕುಮಗಾಯ್-ಸಾನ್ ಊರಿಗೆ ಮೂರು ದೇವಾಲಯ ಕಟ್ಟಿಕೊಟ್ಟವರು, ಈ ವಯಸ್ಸಿನಲ್ಲಿ ಅವರ ಹೆಸರು ಕಾಗದಕ್ಕೆ ಬರುವುದು ಬೇಡ ಎಂಬುದು ಅಧ್ಯಕ್ಷರ ಆಸೆ. ಹಿಮ ವಿಪರೀತವಾಗಿತ್ತು, ಫ್ಯಾನುಗಳಿಗೆ ಶಕ್ತಿ ಸಾಲಲಿಲ್ಲ, ಎಂದು ಬರೆದುಬಿಡೋಣ ಎಂದರು. ಎಲ್ಲರೂ ಸಮಾಧಾನದಿಂದ ತಲೆಯಾಡಿಸಿದರು. ಹಾಗೆ ಬರೆದರೆ ಮುಂದೇನೆಂದು ಮಿಸಾವೊಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಂಬಲಾಗದ ಚಾವಣಿಯೆಂದು ನನ್ನನ್ನು ಕಿತ್ತುಹಾಕುತ್ತಾರೆ. ಚಳಿಗಾಲದಲ್ಲಿ ಆ ಮಕ್ಕಳಿಗೆ ಆಡಲು ಜಾಗವಿಲ್ಲ. ನಿಜ ಹೇಳಿದರೆ ತಂದೆಯ ಹೆಸರು ಹೋಗುತ್ತದೆ. ಅವಳು ನನ್ನ ಪಕ್ಷ ವಹಿಸುತ್ತಾಳೆಂದು ನಾನು ಎಣಿಸಿರಲಿಲ್ಲ. ಬಟ್ಟೆಗಾಗಿ ಹೆತ್ತ ತಂದೆಯನ್ನು ಯಾರು ಬಿಡುತ್ತಾರೆ?

ಮಿಸಾವೊ ಎದ್ದಳು. ದಿನಚರಿ ಪುಸ್ತಕ ತೆರೆದು, ಘಟನೆಯ ಸಂಜೆಯೇ ತಾನು ಬರೆದಿಟ್ಟಿದ್ದನ್ನು ಓದಿದಳು. "ಎರಡೂ ಬಾಗಿಲುಗಳು ಹನ್ನೊಂದು ನಿಮಿಷ ತೆರೆದಿದ್ದವು. ತೆರೆದವರು ಕುಮಗಾಯ್ ತೊಕುಜಿ. ಫ್ಯಾನುಗಳಲ್ಲಿ ದೋಷವಿಲ್ಲ. ಚಾವಣಿಯಲ್ಲಿ ದೋಷವಿಲ್ಲ."

ನನಗಂತೂ ಕುಸಿದ ದಿನಕ್ಕಿಂತ ಆ ಗಳಿಗೆಯೇ ಹೆಚ್ಚು ದಿಗಿಲು ಹುಟ್ಟಿಸಿತು.

ಕೊರಳಿಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ ತೂಗಿಹಾಕಿದ ತೋಳಿನೊಂದಿಗೆ ತೊಕುಜಿ ಎದ್ದು ಬಂದರು. ಮಗಳ ಕೈಯಿಂದ ಪುಸ್ತಕ ತೆಗೆದುಕೊಂಡರು. ಹಲಗೆಯ ಅಂಚನ್ನು ಒಂದು ಕಣ್ಣು ಮುಚ್ಚಿ ನೋಡುವ ಹಾಗೆ, ಆ ಸಾಲುಗಳನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಗೆರೆ ನೆಟ್ಟಗಿದೆ" ಎಂದರು.

ಅವರ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮಗಳಿಗೆ ಅದನ್ನು ಅವರು ಹಿಂದೆಂದೂ ಹೇಳಿರಲಿಲ್ಲ. ಆಮೇಲೆ ಸಭೆಯ ಕಡೆ ತಿರುಗಿ, ತಪ್ಪು ತಮ್ಮದು, ಬಲೂನಿನದಲ್ಲ ಎಂದು ಹೇಳಿ, ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೆ ಸೊಂಟದವರೆಗೆ ಬಾಗಿದರು. ಸಭೆಗಲ್ಲ. ನನಗೆ. ಒಬ್ಬ ಬಡಗಿ, ಕಂಬವಿಲ್ಲದ ಚಾವಣಿಗೆ!

ಅಂದೇ ಅವರು ಕೆಲಸ ಬಿಟ್ಟರು. ಒಂದು ಮುಚ್ಚದೆ ಇನ್ನೊಂದು ತೆರೆಯದಂಥ ಬೀಗ ಬಾಗಿಲುಗಳಿಗೆ ಬಂತು. ನಾನು ಉಳಿದೆ. ಪ್ರತಿ ವರ್ಷ ಮೊದಲ ಹಿಮ ಬಿದ್ದ ದಿನ ಮುದುಕರು ಚೀಟಿ ಕೊಂಡು ಬಂದು, ಮೆಟ್ಟಿಲ ಮೇಲೆ ಕೂತು, ಆಟ ಬಿಟ್ಟು ನನ್ನನ್ನು ನೋಡುತ್ತಿದ್ದರು. ಆರು ಚಳಿಗಾಲ ಹಾಗೆ ಬಂದರು. ಏಳನೆಯದಕ್ಕೆ ಬರಲಿಲ್ಲ. ಆ ದಿನ ಮಿಸಾವೊ ಸಾವಿನ ಮನೆಯ ಕಪ್ಪು ಉಡುಪಿನಲ್ಲೇ ಬಂದು ಮುಳ್ಳು ನೋಡಿ, ಕಿಟಕಿಯ ಹೊರಗೆ ಯಾರೂ ಇಲ್ಲದಿದ್ದರೂ, "ಐವತ್ತು" ಎಂದಳು.

ನನಗೂ ವಯಸ್ಸಾಯಿತು. ಲೇಪ ಸವೆಯಿತು, ಮೈ ಹಳದಿಯಾಯಿತು. ಇಪ್ಪತ್ತಾರನೆಯ ವರ್ಷ, ನನ್ನ ಜಾಗಕ್ಕೆ ದೇವದಾರಿನ ದೊಡ್ಡ ಕಮಾನುಗಳ ಚಾವಣಿ ಬರುತ್ತದೆ ಎಂದರು. ಮರದ್ದು! ತೊಕುಜಿಯ ಶಿಷ್ಯರ ಶಿಷ್ಯರೇ ಅದನ್ನು ಹೆಣೆದರಂತೆ. ಮಿಸಾವೊ ತನ್ನ ಕೈಯಿಂದಲೇ ಫ್ಯಾನುಗಳನ್ನು ಒಂದೊಂದಾಗಿ ಆರಿಸಿದಳು. ಕೊನೆಯದೂ ನಿಂತಾಗ ಬಂದ ಮೌನವಿದೆಯಲ್ಲ, ಹುಟ್ಟಿದಂದಿನಿಂದ ನಾನು ಅದನ್ನು ಕೇಳಿರಲಿಲ್ಲ. ಗುಂಯ್ ಎನ್ನುವುದೇ ಮೌನವೆಂದು ತಿಳಿದಿದ್ದೆ.

ಆಮೇಲೆ ಕತ್ತರಿಸಿದರು. ಗುಜರಿಯ ಅಂಗಳದಲ್ಲಿ ಒಂದು ಬೇಸಿಗೆ ಬಿದ್ದಿದ್ದೆ. ಒಂದಷ್ಟು ಭಾಗ ಕೈಚೀಲವಾಯಿತು, ಒಂದಷ್ಟು ಲಾರಿಯ ಹೊದಿಕೆಯಾಯಿತು. ತೇಪೆ ಹಾಕಿದ ತುಂಡು ಯಾರಿಗೂ ಬೇಡವಾಗಿತ್ತು. ಅದನ್ನೇ ಹುಡುಕಿಕೊಂಡು ಮಿಸಾವೊ ಬಂದಳು. ಅದೇ ಈಗಿನ ನಾನು. ತೊಕುಜಿಯ ಮರದ ಕೊಟ್ಟಿಗೆಯಲ್ಲಿ ಅವರ ಉಳಿ, ತೋಪಡ, ಒಣಗಿದ ಹಲಗೆಗಳಿಗೆ ಹೊದಿಕೆಯಾಗಿದ್ದೇನೆ. ನನ್ನ ಒಂದು ಮೂಲೆ ಹಾರದಂತೆ ಹಲಗೆಗಳ ನಡುವೆ ಸಿಕ್ಕಿಸಿರುವುದು ಯಾವುದು ಗೊತ್ತೇ? ಆ ದೇವದಾರಿನ ಬೆಣೆ.

ಗಾಳಿಯ ಮೇಲೆ ನಿಂತದ್ದು ನಾನೊಂದೇ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಆ ಮುದುಕರು ನಿಂತದ್ದು ಅತಿಥಿಯ ಮರ್ಯಾದೆಯ ಮೇಲೆ, ಆ ಮಗಳು ನಿಂತದ್ದು ಒಂದು ನೆಟ್ಟನೆಯ ಗೆರೆಯ ಮೇಲೆ. ಅವೂ ಕಣ್ಣಿಗೆ ಕಾಣುವ ಕಂಬಗಳಲ್ಲ.

ಮೊನ್ನೆ ಒಬ್ಬ ಹೆಂಗಸು ಬಂದಿದ್ದಳು. ದಕ್ಷಿಣದ ಪುಟ್ಟ ಕಿತ್ತಳೆಗಳ ಬುಟ್ಟಿ ತಂದು ತೊಕುಜಿಯ ಚಿತ್ರದ ಮುಂದಿಟ್ಟು, ಊದುಕಡ್ಡಿ ಹಚ್ಚಿದಳಂತೆ. ನಗಿಸಾ. ಈಗ ಸಾಫ್ಟ್‌ಬಾಲ್ ಕಲಿಸುವ ಟೀಚರು. ಕೊಟ್ಟಿಗೆಗೂ ಬಂದು ನನ್ನ ತೇಪೆಯನ್ನು ಬೆರಳಿನಿಂದ ಸವರಿದಳು. ಇವತ್ತು ಹಸಿವೆಷ್ಟು ಎಂದು ನಿಮ್ಮ ತಂದೆ ದಿನಾ ಕೇಳುತ್ತಿದ್ದರಂತಲ್ಲ ಎಂದು ಮಿಸಾವೊಗೆ ಹೇಳಿದಳು. ಇಬ್ಬರೂ ನಕ್ಕರು.

ಅವಳು ಹೊರಟಾಗ ಹಿಮ ಬೀಳುತ್ತಿತ್ತು. ಮಿಸಾವೊ ಕೊಟ್ಟಿಗೆಯ ಬಾಗಿಲಾಚೆ ನಿಂತು ಬಾಗಿದಳು. ಹಿಂದೆ ಬಾಗಿಲು ಪೂರ್ತಿ ತೆರೆದಿತ್ತು. ಕಾರು ಇಳಿಜಾರಿನಲ್ಲಿ ನಿಧಾನವಾಯಿತು, ತಿರುವಿನಲ್ಲಿ ಒಂದು ಗಳಿಗೆ ನಿಂತೇಬಿಟ್ಟಿತು. ಗಾಳಿ ಒಳನುಗ್ಗಿ ನನ್ನ ಅಡಿಗೆ ಸೇರಿತು, ನಾನು ತುಸು ಉಬ್ಬಿದೆ. ಹಳೆಯ ದಿಗಿಲು ಮೈಗೇರಿತು. ಬಾಗಿಲು, ಮಿಸಾವೊ, ಬಾಗಿಲು. ಬೆಣೆ ನನ್ನ ಮೂಲೆಯನ್ನು ಗಟ್ಟಿಯಾಗಿ ಹಿಡಿದಿತ್ತು.

ಕಾರು ಮತ್ತೆ ಹೊರಟು ಕಣ್ಣಿಗೆ ಮರೆಯಾಯಿತು. ಅಲ್ಲಿಯವರೆಗೂ ಬಾಗಿದ್ದ ಮಿಸಾವೊ ಆಮೇಲೆ ತಲೆಯೆತ್ತಿ, ಹಿಂತಿರುಗಿ ಕೊಟ್ಟಿಗೆಯ ಚಾವಣಿಯನ್ನು ನೋಡಿದಳು.

ಏನೂ ಬಿದ್ದಿರಲಿಲ್ಲ.